ಶಿರಹಟ್ಟಿ ತಂಬೂರಿಯ ತವರೂರು

ನನ್ನ ಸೋದರಮಾವನ ಕೈಗೆ ನೀವು ಯಾವ ವಸ್ತುವನ್ನೂ ಕೊಡಬೇಡಿ. ಕದಿಯುತ್ತಾನೆಂದಲ್ಲ, ಮುರಿಯುತ್ತಾನೆಂದೂ ಅಲ್ಲ. ಅದರ ಊರು ಯಾವುದೆಂದು ಕೇಳುತ್ತಾನೆ. ನಮ್ಮ ಕಡೆ ಹೊಸ ಮನುಷ್ಯ ಕಂಡಕೂಡಲೇ 'ಯಾವೂರ್ರಿ? ಯಾರ ಪೈಕಿ?' ಎಂದು ಕೇಳುವುದು ನಮಸ್ಕಾರಕ್ಕಿಂತ ಮೊದಲಿನ ಮರ್ಯಾದೆ. ಎಲ್ಲರೂ ಮನುಷ್ಯರನ್ನು ಕೇಳಿ ಅಲ್ಲಿಗೆ ಸುಮ್ಮನಾಗುತ್ತಾರೆ. ನಮ್ಮ ಮಾವ ಬಕೆಟ್ಟನ್ನೂ ಕೇಳುತ್ತಾನೆ. ಬಕೆಟ್ಟು ಉತ್ತರ ಕೊಡದಿದ್ದರೆ ಅದನ್ನು ಬೋರಲು ಹಾಕಿ ತಳ ನೋಡುತ್ತಾನೆ.

ಬೆಟಗೇರಿಯಲ್ಲಿ ಅವನ ಮನೆ. ಅಪ್ಪ ಕೈಮಗ್ಗದ ನೇಕಾರ. ಇವನು ಮಗ್ಗ ಬಿಟ್ಟು ಹೊಲಿಗೆ ಯಂತ್ರ ರಿಪೇರಿಗೆ ಇಳಿದವನು. ಈಗ ಎಪ್ಪತ್ತು ದಾಟಿದೆ, ಅಂಗಡಿ ಇನ್ನೂ ಮುಚ್ಚಿಲ್ಲ. ದರ್ಜಿಯೊಬ್ಬ ಯಂತ್ರ ತಂದಿಟ್ಟರೆ ಮೊದಲು ರೋಗ ಕೇಳುವುದಿಲ್ಲ. ಸುತ್ತ ಒಂದು ಪ್ರದಕ್ಷಿಣೆ ಹಾಕುತ್ತಾನೆ. "ಇದರ ತಲಿ ಲುಧಿಯಾನದ್ದು, ಕಾಲು ಕಲಕತ್ತಾದ್ದು. ಚಕ್ರ ಮಾತ್ರ ನಮ್ಮ ಹುಬ್ಬಳ್ಳೀದು. ಅದಕ್ಕ ಮೂವರೊಳಗ ಹೊಂದಾಣಿಕಿ ಇಲ್ಲ" ಎನ್ನುತ್ತಾನೆ. ದರ್ಜಿ ಪಾಪ, ನಾಳೆ ಮದುವೆಯ ಬ್ಲೌಸು ಕೊಡಬೇಕಾದವನು, ತಲೆ ಅಲ್ಲಾಡಿಸುತ್ತಾನೆ. ಅವನಿಗೆ ಸೂಜಿ ಓಡಿದರೆ ಸಾಕಾಗಿರುತ್ತದೆ.

ಮುಂಡರಗಿಯ ಒಂದು ಮದುವೆಯ ಪ್ರಸಂಗ ಹೇಳಿಬಿಡುತ್ತೇನೆ. ನಮ್ಮಲ್ಲಿ ಸ್ಟೀಲಿನ ಪಾತ್ರೆಯ ಮೇಲೆ ಮನೆಯವರ ಹೆಸರು ಕೊರೆಸುವ ರೂಢಿ ಇದೆಯಲ್ಲ, ಮಾವನ ಪಾಲಿಗೆ ಅದು ಪಾತ್ರೆಗಳ ಆಧಾರ್ ಕಾರ್ಡು. ಊಟಕ್ಕೆ ಕುಳಿತವನಿಗೆ ಪಕ್ಕದವರ ಗಂಗಾಳದ ಅಂಚು ಪರಿಚಯದ್ದು ಅನ್ನಿಸಿತು. ಎತ್ತಿ ತಳ ನೋಡಿದ. ಗಂಗಾಳದಲ್ಲಿ ಅನ್ನವಿತ್ತು, ಅನ್ನದ ಮೇಲೆ ಬಿಸಿ ಸಾರಿತ್ತು, ಪಕ್ಕದಲ್ಲಿದ್ದವರು ವರನ ಅಜ್ಜ. ಸಾರೆಲ್ಲ ಅವರ ರೇಷ್ಮೆ ಪಂಚೆಯ ಮೇಲೆ. ಮಾವ ಏನೂ ಆಗದವನಂತೆ, "ಇರ್ಲಿ ಬಿಡ್ರಿ, ಪಂಚಿ ಒಗದ್ರ ಹೋಗ್ತೈತಿ. ಆದ್ರ ನೀವು ಉಣ್ಣಾಕತ್ತಿದ್ದು ನಮ್ಮಕ್ಕನ ಗಂಗಾಳ, ಹತ್ತ ವರ್ಷದಿಂದ ಹುಡಕಾಕತ್ತೇವಿ" ಎಂದ. ಅಕ್ಕ ಎಂದರೆ ನನ್ನ ತಾಯಿ. ಗಂಗಾಳವೇನೋ ಮನೆಗೆ ಬಂತು. ಆ ಮನೆಯವರು ಇಂದಿಗೂ ನಮ್ಮೊಂದಿಗೆ ಮಾತಾಡುವುದಿಲ್ಲ.

ಇಂಥ ಮನುಷ್ಯನ ಮುಂದೆ ಒಂದು ದಿನ ನನ್ನ ಅತ್ತೆ, ಅಂದರೆ ಅವನ ಹೆಂಡತಿ, ಹಳೆಯ ಸೀರೆಯಲ್ಲಿ ಸುತ್ತಿದ ಗಂಟೊಂದನ್ನು ತಂದಿಟ್ಟಳು. ಲಕ್ಷ್ಮೇಶ್ವರದ ಅವಳ ತವರುಮನೆಯ ಅಟ್ಟ ಸ್ವಚ್ಛ ಮಾಡುವಾಗ ಸಿಕ್ಕಿದ್ದಂತೆ. ಬಿಚ್ಚಿದರೆ ಒಂದು ಪುಟ್ಟ ಗಿಟಾರು. ಒಂದು ಮೊಳಕ್ಕಿಂತ ಸ್ವಲ್ಪ ಉದ್ದ. ನಾಲ್ಕು ತಂತಿಯ ಜಾಗದಲ್ಲಿ ಎರಡೇ ಉಳಿದಿದ್ದವು. ಹೊಟ್ಟೆಯ ಮೇಲೆ ಒಂದು ತೆಂಗಿನ ಗಿಡ, ಒಂದು ಗುಡಿಸಲು, ಅರ್ಧ ಅಳಿಸಿದ ಇಂಗ್ಲಿಷ್ ಅಕ್ಷರಗಳಲ್ಲಿ 'ಹವಾಯಿ'.

"ಇದರ ಊರು ಹೇಳ್ರಿ" ಎಂದಳು ಅತ್ತೆ. ಇಷ್ಟೇ ಮಾತು. ಸೆರಗಿನಿಂದ ಕಣ್ಣೊರೆಸಿಕೊಂಡು ಒಳಗೆ ಹೋದಳು.

ಆವತ್ತು ಭಾನುವಾರ, ನಾನೂ ಅಲ್ಲೇ ಇದ್ದೆ. ಗದಗಿನ ಶಾಲೆಯೊಂದರಲ್ಲಿ ನಾನು ಮಾಸ್ತರಿಣಿ; ರಜೆ ಬಂದರೆ ಮಾವನ ಮನೆಯ ರೊಟ್ಟಿ ನನಗೆ ಬೇಕೇ ಬೇಕು. ಮಾವ ಪ್ರಶ್ನೆಯ ಸುರಿಮಳೆ ಶುರು ಮಾಡುತ್ತಾನೆಂದು ನಾನು ಕಾದೆ. ಅವನು ತುಟಿ ಬಿಚ್ಚಲಿಲ್ಲ. ಎಂಥ ಅಪರೂಪದ ದೃಶ್ಯ ಅಂತೀರಿ!

ಆ ಗಂಟಿನ ಕಥೆಯನ್ನು ನನಗೆ ಹೇಳಿದ್ದು ನನ್ನ ತಾಯಿ. ಅತ್ತೆಯ ತವರಿನವರು ಲಕ್ಷ್ಮೇಶ್ವರದ ಕಾಳಿನ ವ್ಯಾಪಾರಸ್ಥರು, ಕಟ್ಟಾ ಮಡಿಯ ಮನೆತನ. ಅತ್ತೆಯ ತಂದೆ ಮನೆಯ ಕಿರಿಯ ಮಗ. ಅಣ್ಣನ ಜೊತೆ ಜಗಳವಾಡಿ ಮುಂಬೈಗೆ ಹೋದವನು ಎರಡೂವರೆ ವರ್ಷ ಪತ್ತೆಯಿಲ್ಲ. ತಿರುಗಿ ಬಂದಾಗ ಕೈಯಲ್ಲಿ ಒಂದು ತಗಡಿನ ಪೆಟ್ಟಿಗೆ, ಈ ವಾದ್ಯ. ತಾನು ಸರಕಿನ ಹಡಗಿನಲ್ಲಿ ಕೆಲಸಕ್ಕಿದ್ದೆ, ಜಪಾನಿನ ಬಂದರಿನಲ್ಲಿ ಇದನ್ನು ಮಗಳಿಗೋಸ್ಕರ ಕೊಂಡೆ ಎಂದ. ಅಲ್ಲಿಯ ಮನೆಗಳ ಗೋಡೆ ಕಾಗದದ್ದು ಎಂದ. ಲಕ್ಷ್ಮೇಶ್ವರದ ಪೇಟೆಯಲ್ಲಿ ಇಂಥ ಮಾತು ನಡೆದೀತೆ? 'ಕಾಗದದ ಗೋಡಿ ಇದ್ರ ಬೆಕ್ಕು ಎಲ್ಲಿಂದ ಬೇಕಾದ್ರೂ ಬಂದೀತಲ್ಲೋ' ಎಂದು ನಕ್ಕರಂತೆ. ಅಣ್ಣನೇ ಮುಂದಾಗಿ, 'ಹಡಗೂ ಇಲ್ಲ ಏನೂ ಇಲ್ಲ, ಹುಬ್ಬಳ್ಳ್ಯಾಗ ಖಾನಾವಳಿ ಗಲ್ಲಾ ಮ್ಯಾಲೆ ಕುಂತಿದ್ದ. ಆ ತಂಬೂರಿ ಶಿರಹಟ್ಟಿ ಬಡಿಗ್ಯಾ ಮಾಡಿಕೊಟ್ಟದ್ದು' ಎಂದು ಊರಿಗೆಲ್ಲ ಹೇಳಿದ. ಅಲ್ಲಿಂದ ಅದರ ಹೆಸರು ಶಿರಹಟ್ಟಿ ತಂಬೂರಿ, ಅವನ ಹೆಸರು ಸುಳ್ಳುಗಾರ. ಐದು ವರ್ಷದ ಅತ್ತೆ ಸುಳ್ಳುಗಾರನ ಮಗಳು. ಆ ಹೆಸರು ಹೊತ್ತೇ ಅವನು ಸತ್ತ. ಮಗಳು ಅಜ್ಜಿಯಾದಳು. ತವರಿನ ಯಾವ ಕಾರ್ಯಕ್ಕೆ ಹೋದರೂ ದೊಡ್ಡಪ್ಪನ ಮಗ 'ಏನವಾ, ಜಪಾನದ ಖಬರ ಏನು?' ಎಂದು ಕೇಳುವುದು ತಪ್ಪಿಲ್ಲ. ಹತ್ತು ಜನ ನಗುವುದೂ ತಪ್ಪಿಲ್ಲ.

ಈ ದೊಡ್ಡಪ್ಪನ ಮಗನನ್ನು ಊರೆಲ್ಲ ಸಾವಕಾರ ಎನ್ನುತ್ತದೆ, ನಾನೂ ಹಾಗೇ ಕರೆಯುತ್ತೇನೆ. ಅಟ್ಟದಿಂದ ತಂಬೂರಿ ಇಳಿದಾಗಲೂ ಅವನು, "ಶಿರಹಟ್ಟಿಗೆ ವಾಪಸ್ ಕೊಟ್ಟು ಬಾರವಾ" ಎಂದಿದ್ದನಂತೆ.

ಮಾವ ಮರುದಿನವೇ ಅಂಗಡಿಗೆ ಬೀಗ ಹಾಕಿದ. ಯಂತ್ರ ಕೇಳಲು ಬಂದ ದರ್ಜಿಗಳಿಗೆ, "ಮನ್ಯಾಗ ಕನ್ಯಾದ ವಿಚಾರಣಿ ನಡದೈತಿ" ಎಂದು ಹೇಳಿ ಕಳಿಸಿದ. ಸುಳ್ಳೇನಲ್ಲ. ಕನ್ಯೆ ನೋಡುವಾಗ ಹೇಗೆ ಮೊದಲು ಮೈ-ಕೈ, ಆಮೇಲೆ ಮನೆತನ, ಕೊನೆಗೆ ಅಕ್ಕಪಕ್ಕದವರ ಹತ್ತಿರ ಗುಟ್ಟಿನ ವಿಚಾರಣೆಯೋ, ಹಾಗೇ ಇದಕ್ಕೂ ಮಾಡಬೇಕೆಂಬುದು ಅವನ ಶಾಸ್ತ್ರ.

ಮೊದಲು ಗದಗಿನಲ್ಲಿ ಹಾರ್ಮೋನಿಯಂ, ತಬಲಾ ದುರಸ್ತಿ ಮಾಡುವ ಹಿರಿಯರೊಬ್ಬರ ಹತ್ತಿರ ಹೋದೆವು. ಅವರು ಕನ್ನಡಕ ಏರಿಸಿ ನೋಡಿ, "ಇದು ಗಿಟಾರ ಅಲ್ಲ, ಯುಕುಲೇಲಿ ಅಂತಾರ ಇದಕ್ಕ" ಎಂದರು.

ಮಾವನಿಗೆ ಅಷ್ಟು ಸಾಕಾಗಲಿಲ್ಲ. "ಹೆಸರು ಆತು. ಊರು? ಹವಾಯಿ ಅಂತ ಹೊಟ್ಟಿ ಮ್ಯಾಲ ಬರದೈತಲ್ರಿ. ಹವಾಯಿದೇ ಏನು?"

"ಬರದದ್ದನ್ನೆಲ್ಲ ನಂಬಿದ್ರ ಹೆಂಗ್ರಿ? ನಮ್ಮ ಸ್ಟೇಷನ್ ರಸ್ತೆದಾಗ ಉಡುಪಿ ಹೋಟೆಲ್ ಅಂತ ಬೋರ್ಡ್ ಐತಿ. ಮಾಲಕ ನರಗುಂದದಾಂವ. ಸಮುದ್ರ ನೋಡಿಲ್ಲ ಅಂವಾ."

ಮಾವ ಅವರ ಕೈ ಹಿಡಿದು ಕುಲುಕಿದ. ಇಷ್ಟು ಒಳ್ಳೆಯ ತರ್ಕ ತನಗೇ ಹೊಳೆಯಲಿಲ್ಲವೆಂಬ ಹೊಟ್ಟೆಕಿಚ್ಚೂ ಮುಖದ ಮೇಲಿತ್ತು. ಹಿರಿಯರು ಮತ್ತೊಂದು ತೋರಿಸಿದರು. ಹೊಟ್ಟೆಯ ನಡುವಿನ ರಂಧ್ರದ ಅಂಚಿನಲ್ಲಿ ಮರ ಮೂರು ಪದರ ಇತ್ತು, ಮೂರೂ ಸೇರಿ ಎಲೆಯಷ್ಟು ತೆಳು. ಹವಾಯಿಯವರು ಪದರವಿಲ್ಲದ ಒಂದೇ ಹಲಗೆ ಹಾಕುತ್ತಾರೆ, ಹೀಗೆ ಪದರ ಅಂಟಿಸಿ ಅಗ್ಗಕ್ಕೆ ಹೊರದೇಶಕ್ಕೆ ಕಳಿಸುತ್ತಿದ್ದವರು ಆಗಿನ ಕಾಲದ ಜಪಾನಿಗರು ಎಂದು ಕೇಳಿದ್ದೇನೆ, ಆದರೆ ನನ್ನ ಮಾತಿಗೆ ಸಾಕ್ಷಿ ಇಲ್ಲ ಎಂದರು.

ಸಾಕ್ಷಿ ಬೇಕಲ್ಲ, ಮಾವ ನೇರ ಶಿರಹಟ್ಟಿಗೆ ನಡೆದ. ಆಪಾದನೆ ಹೊತ್ತ ಬಡಿಗನ ಮನೆ ಹುಡುಕಿದ. ಬಡಿಗ ತೀರಿಕೊಂಡು ಎಷ್ಟೋ ವರ್ಷವಾಗಿತ್ತು. ಮೊಮ್ಮಗ ಬಾಗಿಲು-ಕಿಟಕಿ ಮಾಡಿಕೊಂಡಿದ್ದ. ಮಾವ ತಂಬೂರಿಯನ್ನು ಅವನ ಕೈಗಿಟ್ಟು, "ನಿಮ್ಮಜ್ಜ ಮಾಡಿದ್ದೇನು ಇದು, ಖರೆ ಹೇಳು" ಎಂದ. ಆ ಮನುಷ್ಯ ಒಂದೇ ಬೆರಳಲ್ಲಿ ಅದನ್ನು ತೂಗಿ ನೋಡಿದ. "ಏ ಇಲ್ರಿ. ನಮ್ಮಜ್ಜ ಎತ್ತಿನ ಗಾಡಿ ಮಾಡತಿದ್ದ. ಅಂವಾ ತೊಟ್ಟಿಲ ಮಾಡಿದ್ರೂ ಎರಡ ಎತ್ತು ಹೂಡಬೇಕಿತ್ತು. ಅವನ ಕೈಲೆ ಇದು ಆಗಿದ್ರ ಇಪ್ಪತ್ತ ಕಿಲೋ ತೂಗತಿತ್ತು" ಎಂದ. ಮಾವ ಆ ಮಾತನ್ನು ಒಂದು ಹಾಳೆಯ ಮೇಲೆ ಬರೆಸಿ ಅವನ ಸಹಿ ಹಾಕಿಸಿಕೊಂಡ. ಜಗತ್ತಿನ ಯಾವ ವಾದ್ಯದ ಚರಿತ್ರೆಯಲ್ಲೂ ಇಂಥ ದಾಖಲೆ ಇರಲಿಕ್ಕಿಲ್ಲ.

ಆ ಹಾಳೆಯ ಸುದ್ದಿ ಕೇಳಿ ಸಾವಕಾರ ಫೋನಿನಲ್ಲಿ ನಕ್ಕನಂತೆ. "ಶಿರಹಟ್ಟೀದು ಅಲ್ಲ ಅಂದ್ರ ಜಪಾನದ್ದು ಆತೇನು?" ಎಂದನಂತೆ. ಬೈಯಬೇಕೆನ್ನಿಸಿದರೂ ಮಾತು ಸರಿಯಿತ್ತು.

ಮೂರು ದಿನ ಮಾವ ಊಟ ಸರಿಯಾಗಿ ಮಾಡಲಿಲ್ಲ. ನಾಲ್ಕನೆಯ ದಿನ ಬೆಳಗ್ಗೆ ನನಗೆ ಫೋನು. "ನಾ ಎಂಥಾ ಧಡ್ಡ ಅದೇನಿ ನೋಡವಾ. ನಮ್ಮಪ್ಪ ಸೀರಿ ನೇಯುವಾಗ ಏನ ಮಾಡತಿದ್ದ? ಸೆರಗಿನ ಒಳಮಗ್ಗಲಿಗೆ ಒಂದ ಹಸರ ಎಳಿ ಹಾಕತಿದ್ದ. ಹತ್ತು ಮಂದಿ ಸೀರಿ ಒಂದ ಗಂಟಿನ್ಯಾಗ ಹೋದ್ರೂ ಇದು ನಂದು ಅಂತ ಗುರ್ತಾ ಸಿಗಬೇಕಲ್ಲ. ದುಡಿಯೋ ಮನಶ್ಯಾ ಎಲ್ಲೀಯಾಂವ ಇರ್ಲಿ, ತನ್ನ ಗುರ್ತಾ ಹಾಕೇ ಹಾಕಿರತಾನ. ಉಡೋರಿಗೆ ಕಾಣದ ಜಾಗಾದಾಗ ಹಾಕಿರತಾನ. ನಾವು ಹೊರಗಿಂದ ನೋಡಾಕತ್ತೇವಿ. ಸೆರಗ ತಿರುವಿ ನೋಡಬೇಕು!"

ವಾದ್ಯದ ಸೆರಗು ತಿರುವುವುದು ಹೇಗೆ? ಹೊಲಿಗೆ ಯಂತ್ರದ ಹೊಟ್ಟೆ ನೋಡಲು ಅವನ ಹತ್ತಿರ ಉದ್ದ ಹಿಡಿಕೆಯ ಒಂದು ಸಣ್ಣ ಕನ್ನಡಿ ಇದೆ. ಅದನ್ನು ರಂಧ್ರದಲ್ಲಿ ಇಳಿಸಿ, ಟಾರ್ಚು ಬಿಟ್ಟು, ಒಂದು ಕಣ್ಣು ಮುಚ್ಚಿ ನೋಡಿದ. ಮೇಲಿನ ಹಲಗೆಯ ಒಳಮೈಯಲ್ಲಿ ಕೆಂಪು ಶಾಯಿಯ ಒಂದು ಠಸ್ಸೆ, ಮೂರು ಅಕ್ಷರ. ಅದರ ಕೆಳಗೆ ಪೆನ್ಸಿಲಿನಲ್ಲಿ ಸಣ್ಣದಾಗಿ ಎರಡು ಅಕ್ಷರ. ಮಾವ ಅಂಗಳಕ್ಕೆ ಓಡಿ ಬಂದು, "ಬಾ ಇಲ್ಲೆ! ಗುರ್ತಾ ಸಿಕ್ತು!" ಎಂದು ಕೂಗಿದ್ದಕ್ಕೆ ಓಣಿಯ ನಾಲ್ಕು ಮನೆಯವರು ಹೊರಗೆ ಬಂದರಂತೆ. ಅತ್ತೆ ರೊಟ್ಟಿಯ ಹಿಟ್ಟಿನ ಕೈಯಲ್ಲೇ ಬಂದು ಕನ್ನಡಿಯಲ್ಲಿ ನೋಡಿದಳು. ಅವಳಿಗೇನೂ ತಿಳಿಯಲಿಲ್ಲ, ಆದರೂ ಬಹಳ ಹೊತ್ತು ನೋಡಿದಳು.

ಮಾವ ಆ ಐದೂ ಅಕ್ಷರವನ್ನು ಕನ್ನಡಿಯಲ್ಲಿ ಕಂಡಂತೆಯೇ ಹಾಳೆಯ ಮೇಲೆ ತಿದ್ದಿ ತಿದ್ದಿ ಬರೆದ. ಸಂಜೆ ನಾನು ಬಂದಾಗ ಫೋನಿನ ಅನುವಾದಕ್ಕೆ ಹಿಡಿದೆ. ಅದು ಒಮ್ಮೆ 'ಎಮ್ಮೆಯ ಬಾಗಿಲು' ಎಂದಿತು, ಇನ್ನೊಮ್ಮೆ 'ದಯವಿಟ್ಟು ಮಳೆ' ಎಂದಿತು. ಮಾವ ಫೋನಿಗೆ ಬೈದು, ಹಾಳೆ ಕಿಸೆಗೆ ಹಾಕಿಕೊಂಡು ಗದಗಿನ ಬಸ್ ಸ್ಟ್ಯಾಂಡಿನ ಬಳಿಯ ಗೋಬಿ ಮಂಚೂರಿ ಗಾಡಿಗೆ ಹೋದ. ಗಾಡಿಯ ಮೇಲೆ ಡ್ರ್ಯಾಗನ್ ಚಿತ್ರವಿತ್ತು, ಅದರ ಪಕ್ಕದಲ್ಲಿ ಇಂಥದೇ ಗೆರೆಗೆರೆ ಅಕ್ಷರಗಳಿದ್ದವು. ಇನ್ನೇನು ಬೇಕು?

"ಇದನ್ನ ಓದ್ರಿ" ಎಂದ ಮಾವ, ಬಲು ಗೌರವದಿಂದ.

ಗಾಡಿಯವನು ಬಾಣಲೆ ಇಳಿಸಿ ಹಾಳೆಯನ್ನು ನೋಡಿದ, ಮಾವನನ್ನು ನೋಡಿದ. "ಅಜ್ಜಾರ, ನಾ ಮುಂಡರಗಿಯಾಂವ ಅದೀನ್ರಿ."

"ಮತ್ತ ಬೋರ್ಡಿನ ಮ್ಯಾಲೆ ಬರದದ್ದು?"

"ಅದು ಪೇಂಟರ್ ಬರದದ್ರಿ. ಅಂವಾ ಗಜೇಂದ್ರಗಡದಾಂವ."

ಉಡುಪಿ ಹೋಟೆಲಿನ ತರ್ಕಕ್ಕೆ ಕೈ ಕುಲುಕಿದ್ದವನು ವಾರದೊಳಗೆ ಅದೇ ಗುಂಡಿಗೆ ಬಿದ್ದಿದ್ದ! ಬೋರ್ಡು ನಂಬಿದವನಿಗೆ ಗಾಡಿಯವನು ಕರುಣೆಯಿಂದ ಒಂದು ಪ್ಲೇಟು ಗೋಬಿ ಕೊಟ್ಟ. ಮಾವ ತಿಂದು ಬಂದ. ಹೂಕೋಸು ಯಾವ ಊರಿನದೆಂದು ಕೇಳುವುದನ್ನು ಮಾತ್ರ ಮರೆಯಲಿಲ್ಲ.

ಆ ರಾತ್ರಿ ಮನೆಯಲ್ಲಿ ನಾನು ತಲೆ ಬಾಚಿಕೊಳ್ಳುತ್ತಿದ್ದೆ. ಕನ್ನಡಿಯಲ್ಲಿ ನನ್ನ ಹಿಂದಿನ ಗೋಡೆಯ ಕ್ಯಾಲೆಂಡರು ಕಂಡಿತು, ಅಂಕಿಗಳೆಲ್ಲ ಎಡಬಲ ತಿರುಗಿದ್ದವು. ಅಯ್ಯೋ ದೇವರೇ, ಮಾವ ಅಕ್ಷರಗಳನ್ನು ತಿರುಗುಮುರುಗು ಬರೆದಿದ್ದಾನೆ! ಬೆಳಗ್ಗೆ ಹೋಗಿ ಹಾಳೆಯನ್ನು ಹಿಂದುಮುಂದು ಮಾಡಿ ಬಿಸಿಲಿಗೆ ಹಿಡಿದು ತೋರಿಸಿದೆ. ಮಾವ ಹಾಳೆ ಕಸಿದುಕೊಂಡು ತಾನೂ ಒಮ್ಮೆ ತಿರುವಿ ನೋಡಿ, "ನಾ ನಿನ್ನ ಪರೀಕ್ಷಾ ಮಾಡಿದ್ದೆ. ಪಾಸಾದಿ" ಎಂದ.

ಈ ಸಲ ಫೋನು ಬೇಡವೆಂದ, ಮನುಷ್ಯರೇ ಬೇಕೆಂದ. ಮನುಷ್ಯರು ನಮ್ಮ ಕಾಲಬುಡದಲ್ಲೇ ಇದ್ದರು. ನನ್ನ ಹಳೆಯ ವಿದ್ಯಾರ್ಥಿನಿಯೊಬ್ಬಳು ನರ್ಸಿಂಗ್ ಮುಗಿಸಿ, ಜಪಾನಿನಲ್ಲಿ ಮುದುಕರ ಆರೈಕೆಯ ಕೆಲಸಕ್ಕೆ ಹೋಗಲು ಭಾಷೆ ಕಲಿಯುತ್ತಿದ್ದಳು. ಬೆಟಗೇರಿಯವಳೇ, ಎರಡು ಓಣಿ ಆಚೆ. ಅವಳು ಬಂದು ತಾನೇ ಕನ್ನಡಿ ಹಿಡಿದು ನೋಡಿದಳು. ಅತ್ತೆ ಬಾಗಿಲ ಚೌಕಟ್ಟು ಹಿಡಿದುಕೊಂಡು ನಿಂತಿದ್ದಳು.

"ಮ್ಯಾಲಿನ ಮೂರಕ್ಷರ ಅಂದ್ರ ತಪಾಸಣಿ ಮುಗದೈತಿ ಅಂತ್ರಿ, ಕಾರಖಾನಿ ಠಸ್ಸೆ. ಕೆಳಗಿಂದು ಕಿಯೋ. ಹೆಣ್ಣಮಕ್ಕಳ ಹೆಸರು. ತಪಾಸಣಿ ಮಾಡಿದಾಕಿ ಇರಬೇಕ್ರಿ."

"ಚೀನಾದ್ದು ಅಲ್ಲೇನು? ಯಾರರ ಕೇಳಿದ್ರ?" ಎಂದ ಮಾವ. ಆ ಯಾರಾದರೂ ಎಂದರೆ ಸಾವಕಾರನೇ ಎಂದು ನಮಗೆಲ್ಲ ಗೊತ್ತಿತ್ತು.

"ಮ್ಯಾಲಿನವು ಚೀನಾದಿಂದ ಬಂದ ಅಕ್ಷರ ಖರೆ. ಆದ್ರ ಈ ಕೆಳಗಿನ ಎರಡು ಜಪಾನದವರ ಸ್ವಂತ ಅಕ್ಷರ. ಚೀನಾದಾಗ ಹಿಂಗ ಬರಿಯಂಗಿಲ್ರಿ."

ಮಾವ ತಂಬೂರಿಯನ್ನು ಎರಡೂ ಕೈಯಲ್ಲಿ ಎತ್ತಿ ಹಣೆಗೆ ಒತ್ತಿಕೊಂಡ. ಅತ್ತೆ ಚೌಕಟ್ಟಿನ ಬಳಿಯೇ ಕೆಳಗೆ ಕುಳಿತುಬಿಟ್ಟಳು.

ಮುಂದಿನ ವಾರ ಲಕ್ಷ್ಮೇಶ್ವರದಲ್ಲಿ ಸಾವಕಾರನ ಮೊಮ್ಮಗಳನ್ನು ತೊಟ್ಟಿಲಿಗೆ ಹಾಕುವ ಕಾರ್ಯ. ಕಾರು ನಡೆಸಿದ್ದು ನಾನು. ಮಾವ ಇಸ್ತ್ರಿ ಹಾಕಿದ ಅಂಗಿ ತೊಟ್ಟು, ತಂಬೂರಿಯನ್ನು ಹೊಸ ಇಳಕಲ್ ಸೀರೆಯಲ್ಲಿ ಸುತ್ತಿ, ಹಾಳೆಗಳನ್ನೆಲ್ಲ ಫೈಲು ಮಾಡಿಕೊಂಡು ಬಂದಿದ್ದ. ಕೂಸಿಗೆ ಹೆಸರಿಟ್ಟು, ಗುಗ್ಗರಿ ಹಂಚಿದ ಮೇಲೆ ಸಾವಕಾರ ತನ್ನ ವಾಡಿಕೆಯಂತೆ ಅತ್ತೆಯ ಕಡೆ ತಿರುಗಿದ. "ಏನವಾ, ಜಪಾನದ ಖಬರ ಏನು?"

"ಖಬರ ತಂದೇವ್ರಿ, ಎಲ್ಲಾರೂ ಕುಂಡ್ರಿ" ಎಂದು ಎದ್ದ ನಮ್ಮ ಮಾವ.

ಆಹಾ, ಆ ಅರ್ಧ ಗಂಟೆಯನ್ನು ನೀವು ನೋಡಬೇಕಿತ್ತು. ಬಡಿಗನ ಮೊಮ್ಮಗನ ಹೇಳಿಕೆ ಓದಿದ. ಇಪ್ಪತ್ತು ಕಿಲೋ ಎಂದಾಗ ಹೆಂಗಸರು ಸೆರಗು ಬಾಯಿಗಿಟ್ಟುಕೊಂಡರು. ಮರದ ಪದರ ತೋರಿಸಿದ. ಕನ್ನಡಿ ಇಳಿಸಿ, ಟಾರ್ಚು ಬಿಟ್ಟು, ಸಾಲಾಗಿ ಒಬ್ಬೊಬ್ಬರನ್ನೇ ಕರೆದು ಕಿಯೋಳ ಅಕ್ಷರದ ದರ್ಶನ ಮಾಡಿಸಿದ. ತೊಟ್ಟಿಲಲ್ಲಿದ್ದ ಕೂಸಿನ ಕಡೆ ಯಾರೂ ನೋಡಲಿಲ್ಲ. ಹುಡುಗಿ ಬರೆದುಕೊಟ್ಟ ಅರ್ಥವನ್ನು ಎರಡು ಸಲ ಓದಿದ. "ಇದು ಜಪಾನದ್ದು. ಕಾರಖಾನ್ಯಾಗ ಕಿಯೋ ಅನ್ನಾಕಿ ಕೈ ಹಾಯ್ದು ಬಂದದ್ದು. ಇನ್ನ ಮ್ಯಾಲೆ ಇದಕ್ಕ ಯಾರೂ ಶಿರಹಟ್ಟಿ ತಂಬೂರಿ ಅನ್ನಬ್ಯಾಡ್ರಿ" ಎಂದ.

ಸಾವಕಾರ ಮೀಸೆ ತಿರುವಿದ. "ಇರಬಹುದು. ಹುಬ್ಬಳ್ಳಿಂದ ಮುಂಬೈಗೆ ಹೋಗಿ ಬಜಾರದಾಗ ಕೊಂಡಿರಬೇಕು."

ಇದಕ್ಕೆ ನಮ್ಮ ಫೈಲಿನಲ್ಲಿ ಉತ್ತರವಿರಲಿಲ್ಲ. ಮಾವ ಹಾಳೆಗಳನ್ನು ಮತ್ತೆ ಮೊದಲಿನಿಂದ ತಿರುವತೊಡಗಿದ. ಅಷ್ಟರಲ್ಲಿ ಗೋಡೆಗೆ ಒರಗಿ ಕುಳಿತಿದ್ದ ಸಾವಕಾರನ ತಾಯಿ, ತೊಂಬತ್ತರ ಮುದುಕಿ, ಕೋಲಿನಿಂದ ನೆಲ ಕುಟ್ಟಿದಳು.

"ಸಾಕು ಬಿಡೋ. ಅಂವಾ ಹಡಗ ಹತ್ತಿದ್ದು ಖರೆ ಐತಿ" ಎಂದಳು. "ಹಡಗಿನ ಅಡಗಿಮನ್ಯಾಗ ಕೆಲಸ. ಅಲ್ಲೆ ಏನೇನು ಬೇಯಸ್ತಾರೋ ಶಿವನೇ ಬಲ್ಲ. ಊರಿಗೆ ಗೊತ್ತಾಗಿದ್ರ ಮನ್ಯಾಗಿನ ಮೂರು ಹೆಣ್ಣಮಕ್ಕಳನ್ನ ಯಾರು ಮಾಡಿಕೊಳ್ತಿದ್ರು? ಅದಕ್ಕ ನಿಮ್ಮಪ್ಪ ಹುಬ್ಬಳ್ಳಿ ಮಾತು ಹುಟ್ಟಿಸಿದ. ಜಪಾನದಿಂದ ಎರಡ ಪತ್ರ ಬಂದಿದ್ವು. ನಾನೇ ಒಲಿಗೆ ಹಾಕೇನಿ." ಆಮೇಲೆ ಅತ್ತೆಯ ಕಡೆ ಕೈ ಚಾಚಿದಳು. "ಬಾ ನನ್ನವ್ವಾ. ನಿಮ್ಮಪ್ಪ ಸುಳ್ಳ ಹೇಳಿದ್ದಿಲ್ಲ. ಹೇಳಿದಾವ್ರು ನಾವು."

ಅತ್ತೆ ಹೋಗಿ ಮುದುಕಿಯ ಮಡಿಲಲ್ಲಿ ಮುಖವಿಟ್ಟಳು. ಸಾವಕಾರನಿಗೆ ಈ ಸಂಗತಿ ನಿಜಕ್ಕೂ ತಿಳಿದಿರಲಿಲ್ಲವೆಂದು ಅವನ ಮುಖ ನೋಡಿದರೇ ಗೊತ್ತಾಗುತ್ತಿತ್ತು. ಊಟದ ಹೊತ್ತಿಗೆ ಅವನೇ ಬಂದು ಅತ್ತೆಯ ಎಲೆಗೆ ಹೋಳಿಗೆ ಬಡಿಸಿದ. ಮೂರು ಬಡಿಸಿದ, ತುಪ್ಪ ಬೇರೆ. ನಮ್ಮ ಮಾವ ಅಂದು ಗೆದ್ದ ಪೈಲ್ವಾನನ ಗತ್ತಿನಲ್ಲಿ ಐದು ಹೋಳಿಗೆ ತಿಂದ. ಪೇಟೆಗೆ ಸುದ್ದಿ ನಮಗಿಂತ ಮುಂಚೆ ತಲುಪಿತ್ತು. ಕಾರಿಗೆ ಹೋಗುವಾಗ ಕಿರಾಣಿ ಅಂಗಡಿಯವನು ಕೆಳಗಿಳಿದು ಬಂದು, "ನಿಮ್ಮಪ್ಪಾರು ಜಪಾನಕ್ಕ ಹೋಗಿದ್ರಂತಲ್ರಿ" ಎಂದು ಅತ್ತೆಗೆ ಕೈ ಮುಗಿದ. ಅತ್ತೆ ತಲೆ ಎತ್ತಿ, "ಹೌದ್ರಿ" ಎಂದಳು. ಅಷ್ಟು ಗಟ್ಟಿಯಾಗಿ ಅವಳು ಮಾತಾಡಿದ್ದನ್ನು ನಾನು ಕೇಳಿರಲಿಲ್ಲ.

ವಾಪಸ್ ದಾರಿಯಲ್ಲಿ ಅಡರಕಟ್ಟಿ ಊರು ದಾಟುವತನಕ ಮಾವ ತನ್ನ ಪರಾಕ್ರಮ ತಾನೇ ಹೇಳಿಕೊಂಡ. ನನ್ನ ಪಕ್ಕದಲ್ಲಿ ಕುಳಿತಿದ್ದ. ಆಮೇಲೆ ಹಿಂದೆ ಅತ್ತೆಯ ಕಡೆ ತಿರುಗದೆ, ಮುಂದಿನ ರಸ್ತೆಯನ್ನೇ ನೋಡುತ್ತ ಹೇಳಿದ.

"ಲಗ್ನಾದ ವರ್ಷ, ಸಿಟ್ಟಿನ್ಯಾಗ, ನಾನೂ ಒಮ್ಮೆ ನಿನಗ ಅಂದಿದ್ದೆ. ಸುಳ್ಳುಗಾರನ ಮಗಳು ಅಂತ."

ಹಿಂದಿನಿಂದ ಅತ್ತೆಯ ಧ್ವನಿ ಮೆಲ್ಲಗೆ ಬಂತು. "ಹಾಲು ಉಕ್ಕಿ ಹೋಗಿದ್ದಕ್ಕ ಅಂದಿದ್ರಿ."

"ಆವತ್ತಿಂದ ನೀ ನಮ್ಮ ಮನ್ಯಾಗ ನಿಮ್ಮಪ್ಪನ ಸುದ್ದಿ ತಗೀಲಿಲ್ಲ. ನಾನೂ ಕೇಳಲಿಲ್ಲ, ಕೇಳಾಕ ಮುಖ ಇರಲಿಲ್ಲ ನನಗ." ಮಾವ ತೊಡೆಯ ಮೇಲಿನ ಫೈಲು ಮುಚ್ಚಿದ. "ತಪ್ಪಾತು."

ಎರಡೂ ಬದಿಗೆ ಕುಸುಬೆಯ ಹೊಲಗಳು, ಹೊತ್ತು ಇಳಿಯುತ್ತಿತ್ತು. ಆಮೇಲೆ ಅತ್ತೆ ನನ್ನ ಭುಜ ಮುಟ್ಟಿದಳು.

"ಗಾಡಿ ಸಾವಕಾಶ ಹೊಡಿಯವಾ. ಹೇಳೂದು ಭಾಳ ಐತಿ."

ಹೇಳಲು ಶುರು ಮಾಡಿದಳು. ಅಪ್ಪ ಹಡಗಿನಿಂದ ಬಂದ ದಿನ ತಾನು ಅವನ ಗುರುತು ಹಿಡಿಯದೆ ಕಣಜದ ಹಿಂದೆ ಅಡಗಿದ್ದು, ಅವನು ಅಲ್ಲೇ ನೆಲದ ಮೇಲೆ ಕುಳಿತು ತಾನು ಹೊರಗೆ ಬರುವತನಕ ತಂತಿ ಮೀಟುತ್ತ ಇದ್ದದ್ದು, ಸಮುದ್ರದ ನೀರು ರಾತ್ರಿ ಯಾವ ಬಣ್ಣ ಇರುತ್ತದೆಂದು ಅವನು ಹೇಳಿದ್ದು. ನಾನು ಗೇರು ಇಳಿಸಿದೆ, ಮತ್ತೂ ಇಳಿಸಿದೆ, ಹಿಂದಿನಿಂದ ಬಂದ ಟ್ರ್ಯಾಕ್ಟರುಗಳೆಲ್ಲ ನಮ್ಮನ್ನು ದಾಟಿ ಹೋದವು. ಬೆಟಗೇರಿ ಬಂತು, ಮನೆಯ ಮುಂದೆ ಕಾರು ನಿಂತಿತು. ಅತ್ತೆ ಇನ್ನೂ ಹೇಳುತ್ತಲೇ ಇದ್ದಳು. ಮಾವ ಕಣ್ಣೀರು ಒರೆಸಿಕೊಳ್ಳಲೂ ಇಲ್ಲ, ಬಾಗಿಲು ತೆಗೆಯಲೂ ಇಲ್ಲ.